ನಿವೃತ್ತರ ದಿನಚರಿ: ಬಿಡುವಿಗೂ ಒಂದು ಕ್ರಮ ಬೇಕು

ಮೂವತ್ತು, ಮೂವತ್ತೈದು ವರ್ಷ ಕಚೇರಿಯಲ್ಲಿ ದುಡಿದವರು ನಿವೃತ್ತಿಯ ದಿನ ಹಾರ, ಶಾಲು, ಫಲತಾಂಬೂಲಗಳೊಡನೆ ಮನೆಗೆ ಮರಳುತ್ತಾರೆ. ಮೊದಲ ಕೆಲವು ತಿಂಗಳು ಬಂಧುಗಳ ಮನೆ, ಯಾತ್ರೆ, ಶುಭಕಾರ್ಯಗಳಲ್ಲಿ ಸಂತೋಷವಾಗಿ ಕಳೆಯುತ್ತವೆ. ಅನಂತರ ಅನೇಕರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ದಿನವಿಡೀ ಬಿಡುವಿದ್ದರೂ ಯಾವ ಕೆಲಸವೂ ಮುಗಿಯುವುದಿಲ್ಲ. ಜಮೀನಿನ ಪಹಣಿ, ಮನೆಯ ಕಂದಾಯದ ರಸೀದಿಗಳನ್ನು ಜೋಡಿಸಿಡಬೇಕೆಂಬ ಸಂಕಲ್ಪ ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಗುತ್ತದೆ. ಪತ್ರಿಕೆ, ಮೊಬೈಲು, ಟಿ.ವಿ., ಮಧ್ಯಾಹ್ನದ ದೀರ್ಘ ನಿದ್ರೆಗಳಲ್ಲಿ ಸಂಜೆಯಾಗುತ್ತದೆ. ರಾತ್ರಿ ನಿದ್ರೆ ಬಾರದು. ಇದನ್ನು ಸೋಮಾರಿತನವೆಂದು ಹಳಿಯುವುದು ಸರಿಯಲ್ಲ. ದಿನವನ್ನು ಹಿಡಿದಿಟ್ಟಿದ್ದ ಕ್ರಮವೊಂದು ಕಳಚಿಬಿದ್ದಿದೆ. ಅದನ್ನು ಮತ್ತೆ ಕಟ್ಟಿಕೊಳ್ಳಬೇಕಾಗಿದೆ.

ಬಿಡುವಿನಲ್ಲಿ ಹಿಗ್ಗುವ ಕೆಲಸ

ಹಾಜರಿ ಪುಸ್ತಕ, ಊಟದ ವಿರಾಮ, ಕಡತ ಮುಗಿಸಬೇಕಾದ ಗಡುವು, ಮೇಲಧಿಕಾರಿಯ ವಿಚಾರಣೆ ಇವೆಲ್ಲ ದಿನವನ್ನು ಭಾಗ ಮಾಡಿಕೊಡುತ್ತಿದ್ದವು. ಅವು ಇಲ್ಲವಾದಾಗ ಕೆಲಸವು ದೊರೆತಷ್ಟು ಕಾಲವನ್ನೂ ನುಂಗುತ್ತದೆ. ಬ್ರಿಟನ್ನಿನ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆಯಲ್ಲಿ ಈ ಸಂಗತಿಯನ್ನು ವಿನೋದವಾಗಿ ವಿವರಿಸಿದರು. ಬಿಡುವಾಗಿರುವ ವೃದ್ಧೆಯೊಬ್ಬರು ಬಂಧುವಿಗೆ ಒಂದು ಕಾರ್ಡು ಬರೆದು ಅಂಚೆಗೆ ಹಾಕಲು ಇಡೀ ದಿನವನ್ನೇ ವ್ಯಯಿಸಬಲ್ಲರೆಂಬುದು ಅವರು ಕೊಟ್ಟ ಉದಾಹರಣೆ. ಆದುದರಿಂದ ಕೆಲಸಕ್ಕೆ ಆರಂಭದ ವೇಳೆಯಂತೆ ಮುಗಿಯುವ ವೇಳೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ದೇಹದ ಗಡಿಯಾರ

ನಮ್ಮ ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿರುವ ಒಂದು ಸಣ್ಣ ನರಕೇಂದ್ರವು ನಿದ್ರೆ, ಎಚ್ಚರ, ದೇಹದ ಉಷ್ಣತೆ, ಹಾರ್ಮೋನುಗಳ ಏರಿಳಿತ ಇವುಗಳಿಗೆ ಲಯವನ್ನು ಕೊಡುತ್ತದೆ. ಇಂಥ ಲಯದ ಹಿಂದಿರುವ ಜೀವಕೋಶಗಳ ಕಾರ್ಯವಿಧಾನವನ್ನು ಕಂಡುಹಿಡಿದುದಕ್ಕಾಗಿ 2017ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಸಂದಿತು. ಈ ಗಡಿಯಾರವನ್ನು ಪ್ರತಿದಿನ ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಏಳುವ ಹೊತ್ತು ದಿನಕ್ಕೊಂದಾದರೆ ಲಯ ಕೆಡುತ್ತದೆ. ಇದರೊಡನೆ ಮತ್ತೊಂದು ಅಪಾಯವೂ ಇದೆ. ಕಚೇರಿಗೆ ಹೊರಡುವ ಮುನ್ನ ತಪ್ಪದೆ ಸೇವಿಸುತ್ತಿದ್ದ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳು ಉಪಾಹಾರದ ಜೊತೆಗೆ ಹಿಂದೆ ಸರಿಯುತ್ತವೆ, ಕೆಲವೊಮ್ಮೆ ಮರೆತೇ ಹೋಗುತ್ತವೆ.

ಆದ್ದರಿಂದ ಏಳುವ ವೇಳೆ ಒಂದೇ ಇರಲಿ. ಪ್ರಾತಃಕಾಲದಲ್ಲಿ ನಿಯತವಾಗಿ ಇಷ್ಟಲಿಂಗ ಪೂಜೆ ಮಾಡುವವರಿಗೆ ಈ ಮೊದಲ ಗೂಟ ಆಗಲೇ ನೆಟ್ಟಿರುತ್ತದೆ. ಉಳಿದ ದಿನವನ್ನು ಅದಕ್ಕೆ ಕಟ್ಟಿದರಾಯಿತು. ಪೂಜೆಯ ಬಳಿಕ ಬೆಳಕಿನಲ್ಲಿ ಅರ್ಧ ಗಂಟೆ ನಡಿಗೆ. ವಾರಕ್ಕೆ ಐದು ದಿನ ಹೀಗೆ ಬಿರುಸಾಗಿ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷಗಳ ಚಟುವಟಿಕೆ ಪೂರ್ಣವಾಗುತ್ತದೆ. ಹೃದ್ರೋಗ, ಮೊಣಕಾಲು ನೋವು ಇರುವವರು ವೈದ್ಯರನ್ನು ಕೇಳಿ ನಡಿಗೆಯ ವೇಗವನ್ನು ನಿರ್ಧರಿಸಬೇಕು. ಮಧ್ಯಾಹ್ನದ ನಿದ್ರೆ ಅರ್ಧ ಗಂಟೆ ಮೀರದಿರಲಿ.

ಏಕಾಗ್ರತೆಯ ಅಭ್ಯಾಸ

ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈಹಾಕಿದಾಗ ಗಮನದ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿಕೊಟ್ಟರು. ಐದು ನಿಮಿಷಕ್ಕೊಮ್ಮೆ ಮೊಬೈಲು ನೋಡುವವರ ಮನಸ್ಸು ದಣಿಯುವುದು ಸಹಜ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿದ ಸರಳ ಪದ್ಧತಿಯೊಂದು ಇಲ್ಲಿ ಉಪಯುಕ್ತ: 25 ನಿಮಿಷ ಒಂದೇ ಕೆಲಸ, ಬಳಿಕ 5 ನಿಮಿಷ ವಿರಾಮ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಬೆಳಿಗ್ಗೆ ಇಂಥ ಎರಡು ಅವಧಿ ಕುಳಿತರೆ, ವರ್ಷದಿಂದ ಬಾಕಿ ಉಳಿದ ಕಾಗದಪತ್ರಗಳು ಕೆಲವೇ ದಿನಗಳಲ್ಲಿ ಒಂದು ವ್ಯವಸ್ಥೆಗೆ ಬರುತ್ತವೆ. ದಿನಕ್ಕೆ ಹತ್ತು ಕೆಲಸಗಳ ಪಟ್ಟಿ ಬೇಡ, ಮುಖ್ಯವಾದುದು ಒಂದು ಸಾಕು.

ಇನ್ನೊಬ್ಬರಿಗೆ ಕೊಟ್ಟ ಮಾತು

ತನಗೆ ತಾನೇ ಹಾಕಿಕೊಂಡ ಗಡುವನ್ನು ಮೀರುವುದು ಸುಲಭ. ಇನ್ನೊಬ್ಬರು ಕಾದಿರುವಾಗ ಮೀರಲು ಮನಸ್ಸು ಬಾರದು. ವಾರಕ್ಕೆ ಎರಡು ದಿನ ಮಕ್ಕಳಿಗೆ ಗಣಿತ ಹೇಳಿಕೊಡುವುದು, ಗ್ರಂಥಾಲಯದ ಪುಸ್ತಕಗಳನ್ನು ಜೋಡಿಸುವುದು, ನೆರೆಯ ವೃದ್ಧರ ಪಿಂಚಣಿ ಅರ್ಜಿ ಬರೆದುಕೊಡುವುದು ಇಂಥ ಹೊಣೆಯೊಂದನ್ನು ಒಪ್ಪಿಕೊಳ್ಳಬೇಕು. ಮನೆಯಲ್ಲಿಯೂ ಹಾಗೆಯೇ. ಗೃಹಿಣಿಯ ಕೆಲಸಕ್ಕೆ ನಿವೃತ್ತಿಯಿಲ್ಲ. ಅಡುಗೆಮನೆಯಲ್ಲಿ ನಿಂತು ಮೇಲ್ವಿಚಾರಣೆ ಮಾಡುವ ಬದಲು ತರಕಾರಿ ಹೆಚ್ಚುವುದನ್ನೋ ಮೊಮ್ಮಗನನ್ನು ಶಾಲೆಗೆ ಬಿಡುವುದನ್ನೋ ಪೂರ್ಣವಾಗಿ ವಹಿಸಿಕೊಂಡರೆ ಮನೆಯ ಕಲಹವೂ ಕಡಿಮೆಯಾಗುತ್ತದೆ.

ಇದು ನೆನಪಿನ ಶಕ್ತಿಗೂ ಸಂಬಂಧಿಸಿದ ವಿಷಯ. ಬ್ರಿಟನ್ನಿನ ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತಿರುವ ‘ವೈಟ್‌ಹಾಲ್’ ಎರಡನೆಯ ಅಧ್ಯಯನದ ಒಂದು ವಿಶ್ಲೇಷಣೆಯಲ್ಲಿ, ನಿವೃತ್ತಿಯ ಅನಂತರ ಪದಗಳನ್ನು ನೆನಪಿಡುವ ಶಕ್ತಿ ಹೆಚ್ಚು ವೇಗವಾಗಿ ಕುಂದಿದುದು ಕಂಡುಬಂದಿತು. ಓದು, ಬರಹ, ಜನರೊಡನೆ ಮಾತುಕತೆಗಳನ್ನು ಬಿಡದಿರುವುದು ಅದಕ್ಕಾಗಿಯೇ ಅಗತ್ಯ.

ದಿನಚರಿಯನ್ನು ಬದಲಿಸಿದರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಊಟ ನಿದ್ರೆ ಕೆಟ್ಟು, ಬದುಕು ಬೇಡವೆನಿಸಿದರೆ ಅದು ಖಿನ್ನತೆಯಾಗಿರಬಹುದು. ಬದುಕು ಬೇಡವೆಂಬ ಆಲೋಚನೆ ಬಂದಾಗಲಂತೂ ಎರಡು ವಾರ ಕಾಯದೆ ಅಂದೇ ಮನೆಯವರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಾಳೆಯಿಂದಲೇ ಎಲ್ಲವನ್ನೂ ಆರಂಭಿಸಬೇಕಾಗಿಲ್ಲ. ಈ ವಾರ ಏಳುವ ವೇಳೆಯೊಂದನ್ನು ಸ್ಥಿರಗೊಳಿಸಿ. ಮುಂದಿನ ವಾರ ಬೆಳಗಿನ ಒಂದು ಕೆಲಸ, ಅದರ ಮುಂದಿನ ವಾರ ಇನ್ನೊಬ್ಬರಿಗೆ ಉಪಯೋಗವಾಗುವ ಒಂದು ಹೊಣೆ ಸೇರಲಿ. ಉಳಿದ ಹೊತ್ತು ವಿಶ್ರಾಂತಿಗಿರಲಿ; ಅಷ್ಟು ವರ್ಷ ದುಡಿದವರು ಅದನ್ನು ಯಾವ ಸಂಕೋಚವೂ ಇಲ್ಲದೆ ಅನುಭವಿಸಬಹುದು.