ಪತ್ತಾಯವನ್ನು ಕಳಚುವ ಮುನ್ನ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿ ಕನ್ನಡಿಗರ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಚರ್ಚೆಗೆ ಬರುತ್ತಿದೆ. ಊರಿನ ಹಳೆಯ ಮನೆಯನ್ನು ಏನು ಮಾಡುವುದು? ಮನೆ ಇರುವುದು ಉಡುಪಿಯಲ್ಲೋ ಬಂಟ್ವಾಳದಲ್ಲೋ. ಅದರ ಪಾಲುದಾರರು ಇರುವುದು ಡೊಂಬಿವಲಿ, ಮುಲುಂಡ್, ಮೀರಾರೋಡುಗಳಲ್ಲಿ. ಇಂತಹ ಮನೆಗಳಲ್ಲಿ ಮೊದಲು ಮಾರಾಟವಾಗುವ ವಸ್ತು ಸಾಮಾನ್ಯವಾಗಿ ಪತ್ತಾಯ. ಗೋಡೆಗೆ ಧಕ್ಕೆಯಾಗದಂತೆ ಅದನ್ನು ಕಳಚಿ ಒಯ್ಯಬಹುದು. ಮರವೂ ಹಳೆಯದು, ಬೆಲೆಯೂ ಬರುತ್ತದೆ. ಜೋಗೇಶ್ವರಿ-ಓಶಿವರಾದ ಹಳೆಯ ಪೀಠೋಪಕರಣಗಳ ಅಂಗಡಿಗಳ ಮುಂದೆ ನಡೆದುಹೋಗುವಾಗ, ಅಂಚಿನಲ್ಲಿ ಉದ್ದನೆಯ ಗಾಡಿ ಇರುವ ದಪ್ಪ ಹಲಗೆಗಳ ಊಟದ ಮೇಜನ್ನು ಕಂಡರೆ, ಇದು ಯಾರ ಊರಿನ ಧಾನ್ಯವನ್ನು ಕಾಯುತ್ತಿದ್ದ ಹಲಗೆಯೋ ಎಂದು ಸಂಶಯವಾಗುತ್ತದೆ. ಮಾರುವುದೋ ಉಳಿಸುವುದೋ ಅವರವರ ನಿರ್ಧಾರ. ಆದರೆ ನಿರ್ಧರಿಸುವ ಮುನ್ನ ಆ ವಸ್ತು ಏನು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದಿರುವುದು ಅಗತ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಧಾನ್ಯವನ್ನು ಕೂಡಿಡುವ ವಿಧಾನ ನಮ್ಮ ನಾಡಿನಲ್ಲಿ ಒಂದೇ ಬಗೆಯಾಗಿಲ್ಲ. ಬಯಲುಸೀಮೆಯವರು ಒಣನೆಲವನ್ನು ನಂಬಿ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಗುಂಡಿಯಲ್ಲಿ, ಹುಗಿದಿಟ್ಟರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ನೆಲ ಅಗೆದರೆ ನೀರು. ಅಲ್ಲಿ ಧಾನ್ಯ ಮೇಲಕ್ಕೇರಬೇಕು. ಬೇಸಿಗೆಯಲ್ಲಿ ಅಂಗಳದಲ್ಲಿ ಹುಲ್ಲಿನ ಹಗ್ಗ ಸುತ್ತಿ ಕಟ್ಟುವ ದುಂಡನೆಯ ತುಪ್ಪೆ (ಕುಂದಾಪುರದ ಕಡೆ ತಿರಿ), ಅಕ್ಕಿಗೆ ಹುಲ್ಲಿನ ಮುಡಿ, ಭತ್ತಕ್ಕೆ ಮನೆಯೊಳಗೆ ಮರದ ಪತ್ತಾಯ. ಮಲೆನಾಡಿನವರು ಇದನ್ನೇ ಪಣತ ಎನ್ನುತ್ತಾರೆ. ಕಣಜವೆಂಬುದು ಎಲ್ಲಕ್ಕೂ ಸಲ್ಲುವ ಹೆಸರು.

ಮರದ ಕಟ್ಟಿನ ರಚನೆ ಎಂದರೇನು ಎಂಬುದನ್ನು ಮುಂಬಯಿಯವರಿಗೆ ವಿವರಿಸುವುದು ಸುಲಭ. ಗಿರ್ಗಾಂವ್, ಪರೇಲ್, ದಾದರುಗಳ ಹಳೆಯ ಚಾಳುಗಳಲ್ಲಿ ಬಾಳಿದವರು ಅದನ್ನು ಕಣ್ಣಾರೆ ಕಂಡಿದ್ದಾರೆ. ಅಂತಹ ಅನೇಕ ಚಾಳುಗಳಲ್ಲಿ ಭಾರವನ್ನು ಹೊರುವುದು ಸಾಗುವಾನಿಯ ಕಂಬಗಳು ಮತ್ತು ತೊಲೆಗಳು. ನಡುವಣ ಇಟ್ಟಿಗೆ ಕೇವಲ ತುಂಬುಗೆ. ಗೋಡೆಯನ್ನು ಕೆಡವಿದರೂ ಮಾಳಿಗೆ ನಿಂತೇ ಇರುತ್ತದೆ. ಆದರೆ ಮೋರಿಯ ಪಕ್ಕದ ಒಂದು ಕಂಬದ ಬುಡ ನೆನೆದು ಕೊಳೆತರೆ, ಮೇಲಿನ ಮೂರು ಮಹಡಿಗಳೂ ವಾಲತೊಡಗುತ್ತವೆ. ಪತ್ತಾಯವೂ ಇದೇ ತತ್ತ್ವದ್ದು, ಮನೆಯೊಳಗೆ ನಿಂತ ಇನ್ನೊಂದು ಪುಟ್ಟ ಮನೆ.

ಕಳೆದ ಮೇ ತಿಂಗಳಿನಲ್ಲಿ ಸಹೋದ್ಯೋಗಿ ಮಿತ್ರರೊಬ್ಬರ ಜೊತೆ ಕಾರ್ಕಳ ತಾಲೂಕಿನ ಅವರ ಹಿರಿಯರ ಮನೆಗೆ ಹೋಗಿದ್ದೆ. ಆ ಮನೆಯ ಪಡಸಾಲೆಯ ಒಳಬದಿಯಲ್ಲಿ, ಅಡುಗೆಮನೆಯ ಗೋಡೆಗೆ ತಾಗದಂತೆ ಒಂದು ಗೇಣು ಜಾಗ ಬಿಟ್ಟು, ಪತ್ತಾಯ ನಿಂತಿದೆ. ಒಳಗಿನ ಅಳತೆ ಉದ್ದ 8 ಅಡಿ, ಅಗಲ 6 ಅಡಿ, ಎತ್ತರ 5 ಅಡಿ. ನಾಲ್ಕು ಮೂಲೆಗಳಲ್ಲಿ ಹಲಸಿನ ಕಂಬಗಳು. ಅವುಗಳ ಬುಡ ನೆಲವನ್ನು ಮುಟ್ಟುವುದಿಲ್ಲ. ಮುರಕಲ್ಲಿನ ಮೇಲೆ ಅಡ್ಡ ಹಾಸಿದ ದಪ್ಪ ತೊಲೆಗಳ ಮೇಲೆ ಕುಳಿತಿವೆ. ಅಡಿಯಲ್ಲಿ ಗಾಳಿಯಾಡುತ್ತದೆ, ಮನೆಯ ಬೆಕ್ಕೂ ಆಡುತ್ತದೆ. ಎರಡನೆಯದು ಆಕಸ್ಮಿಕವಲ್ಲ. ಅಷ್ಟು ಎತ್ತರವನ್ನು ಬಿಟ್ಟದ್ದೇ ಬೆಕ್ಕು ನುಸುಳಲೆಂದು ಮಿತ್ರರ ಸೋದರತ್ತೆ ಹೇಳಿದರು.

ಇಡೀ ಕಟ್ಟಿನಲ್ಲಿ ಒಂದು ಕಬ್ಬಿಣದ ಮೊಳೆಯೂ ಇಲ್ಲ. ಒಂದು ಮರದಲ್ಲಿ ಕೊರೆದ ಕುಳಿಯೊಳಗೆ ಇನ್ನೊಂದರ ತುದಿಯನ್ನು ತೆಳ್ಳಗೆ ಕೆತ್ತಿ ಕೂರಿಸಿ, ಅಡ್ಡಲಾಗಿ ಮರದ ಬೆಣೆ ಹೊಡೆದಿದ್ದಾರೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣದ ಮೊಳೆಯಾದರೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತಿತ್ತು. ಬೆಣೆಯಾದರೋ ಮರದ ಜೊತೆಗೇ ಉಬ್ಬಿ ಕುಗ್ಗುತ್ತದೆ. ಕಂಬಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಗಾಡಿ ತೋಡಿ, ಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿದ್ದಾರೆ. ತುಂಬಿದ ಭತ್ತ ಪಕ್ಕಕ್ಕೆ ಒತ್ತುತ್ತದೆಯಲ್ಲವೆ? ಆ ಒತ್ತಡವೇ ಹಲಗೆಗಳನ್ನು ಗಾಡಿಯ ಅಂಚಿಗೆ ಬಿಗಿಯಾಗಿ ಕೂರಿಸುತ್ತದೆ. ಒಳಗಿನ ಹೊರೆ ಹೆಚ್ಚಿದಷ್ಟೂ ಸಂದು ಕಿರಿದು. ಮುಂಭಾಗದ ಬಾಗಿಲೂ ಹೀಗೆಯೇ. ಭತ್ತ ಏರಿದಂತೆ ಹಲಗೆ ಏರಿಸುತ್ತಾ, ಇಳಿದಂತೆ ತೆಗೆಯುತ್ತಾ ಹೋಗಬೇಕು. ಪ್ರತಿಯೊಂದು ಹಲಗೆಯ ಮೂಲೆಯಲ್ಲಿ ಉಳಿಯಿಂದ ಗೀರು ಹಾಕಿದ್ದಾರೆ: ಒಂದು, ಎರಡು, ಮೂರು, ಹೀಗೆ. ಅಕ್ಷರ ಬಾರದವರೂ ಕತ್ತಲೆಯಲ್ಲಿ ಬೆರಳಾಡಿಸಿ ಅನುಕ್ರಮವನ್ನು ತಿಳಿಯಬಹುದಾಗಿತ್ತು.

"ಆಟಿಯ ಮಳೆಗೆ ಉಟ್ಟ ಸೀರೆ ಒಣಗುವುದಿಲ್ಲ ಮಗಾ, ಇದರೊಳಗಿನ ಭತ್ತ ಮುಷ್ಟಿಯಲ್ಲಿ ಹಿಡಿದರೆ ಜಾರುತ್ತಿತ್ತು," ಎಂದು ಆ ಹಿರಿಯರು ಹೇಳಿದ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಭತ್ತ ಕೆಡದೆ ಉಳಿಯಬೇಕಾದರೆ ಅದರಲ್ಲಿ ನೀರಿನಂಶ ನೂರಕ್ಕೆ 14ನ್ನು ಮೀರಬಾರದು. ಹಿಂದಿನವರಲ್ಲಿ ಮಾಪಕವಿರಲಿಲ್ಲ, ಹಲ್ಲಿತ್ತು. ಒಣಗಿಸಿದ ಕಾಳನ್ನು ಕಚ್ಚಿದರೆ ಕಟಕ್ಕೆಂದು ಮುರಿಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು. ಹಾಗೆ ಒಣಗಿದ್ದನ್ನು ತುಂಬಿದ ಮೇಲೆ ಕಾಯುವ ಹೊಣೆ ಮರದ್ದು. ತಗಡಿನ ಪೀಪಾಯಿ ಹಗಲು ಬೇಗನೆ ಕಾದು ರಾತ್ರಿ ಬೇಗನೆ ತಣಿಯುವುದರಿಂದ ಅದರ ಒಳಮೈಯಲ್ಲಿ ಬೆವರು ಕಟ್ಟುತ್ತದೆ. ಆ ಹನಿ ಬಿದ್ದಲ್ಲಿ ಬೂಷ್ಟು. ಎರಡಂಗುಲದ ಹಲಗೆ ಶಾಖವನ್ನು ಸುಲಭವಾಗಿ ಒಳಬಿಡುವುದಿಲ್ಲ. ತೇವವನ್ನು ತಾನು ಕೊಂಚ ಹೀರಿ ಗಾಳಿಗೆ ಮರಳಿಸುತ್ತದೆ. ಜೊತೆಗೆ ಅಡುಗೆಮನೆಯ ಒಲೆಯ ಹೊಗೆ ಮುಚ್ಚಿಗೆಯಡಿ ಹರಡಿ ಹುಳುಗಳನ್ನು ದೂರವಿಡುತ್ತಿತ್ತು. ಭತ್ತದ ನಡುನಡುವೆ ಲಕ್ಕಿಸೊಪ್ಪು ಇರಿಸುವುದೂ ಇತ್ತು. ತುಳುವರು ಅದನ್ನು ನೆಕ್ಕಿ ಎನ್ನುತ್ತಾರೆ.

ಈ ಸಂಚಿಕೆಯಲ್ಲಿ ವೈದ್ಯರು ಬರೆದ ಆರೋಗ್ಯ ಲೇಖನಗಳು ಇರುವಾಗ ವಾಣಿಜ್ಯ ಪದವೀಧರನಾದ ನಾನು ಆ ಕ್ಷೇತ್ರಕ್ಕೆ ಕಾಲಿಡುವುದು ಅಧಿಕಪ್ರಸಂಗವೇ ಸರಿ. ಆದರೂ ಕಣಜದ ಮಾತು ಆರೋಗ್ಯದ ಮಾತೂ ಹೌದು. 1974ರ ಕೊನೆಯ ತಿಂಗಳುಗಳಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆಯಂತಹ ಕಾಯಿಲೆ ಹರಡಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅಕಾಲದ ಮಳೆಗೆ ನೆನೆದು, ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಅವರು ಉಂಡಿದ್ದರು. ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಬೇಯಿಸಿದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. ಬಡತನದಿಂದಾಗಿ ಬೇರೆ ಧಾನ್ಯ ಅವರಲ್ಲಿರಲಿಲ್ಲ. ಇಲಿಯ ವಿಷಯವೂ ಅಷ್ಟೇ ಗಂಭೀರ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿಯಲ್ಲಿ ಇಲಿಜ್ವರ ಎಷ್ಟು ಮನೆಗಳನ್ನು ಕಾಡಿತೆಂಬುದು ನಮಗೆ ನೆನಪಿದೆ. ಧಾನ್ಯವಿದ್ದಲ್ಲಿ ಇಲಿ ಬರುತ್ತದೆ, ಇಲಿಯ ಮೂತ್ರದಿಂದ ಆ ಜ್ವರ ಬರುತ್ತದೆ. ಸಂದಿಲ್ಲದ ಹಲಗೆ, ಎತ್ತರದ ಬುಡ, ಅಡಿಯಲ್ಲಿ ಬೆಕ್ಕು, ಇವೆಲ್ಲ ಜ್ವರಕ್ಕೂ ತಡೆಯಾಗಿದ್ದವು.

ಬಯಲುಸೀಮೆಯ ಬಂಧುಗಳಿಗೆ ಇಲ್ಲೊಂದು ಎಚ್ಚರಿಕೆ ಹೇಳಬೇಕು. ಊರಿನಲ್ಲಿ ಹಳೆಯ ಹಗೇವು ಇದ್ದು ಅದನ್ನು ಮಕ್ಕಳಿಗೆ ತೋರಿಸಬೇಕೆನಿಸಿದರೆ ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸಬಾರದು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟಿರುತ್ತದೆ. ಹುಳು ಸಾಯುವುದು ಇದರಿಂದಲೇ, ಇಳಿದ ಮನುಷ್ಯನೂ ಇದರಿಂದಲೇ ಸಾಯುತ್ತಾನೆ. ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಕಾದು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ದೀಪ ಉರಿಯಿತೆಂದರೂ ಅಪಾಯ ಪೂರ್ತಿ ಕಳೆಯಿತೆಂದಲ್ಲ. ಈಗ ಮೇಲಿನಿಂದ ನೋಡಿ ಬರುವುದೇ ಲೇಸು.

ಪತ್ತಾಯದಲ್ಲಿ ಅಕ್ಕಿಯನ್ನಲ್ಲ, ಭತ್ತವನ್ನು ಇಡುತ್ತಿದ್ದರು ಎಂಬುದನ್ನೂ ಗಮನಿಸಬೇಕು. ಹೊಟ್ಟು ಕಾಳಿನ ಕವಚ. ಬೇಕಾದಷ್ಟನ್ನು ತೆಗೆದು, ಬೇಯಿಸಿ, ಒಣಗಿಸಿ, ಕುಟ್ಟಿದರೆ ಕುಚ್ಚಲಕ್ಕಿ. ಬೇಯಿಸುವಾಗ ತೌಡಿನಲ್ಲಿರುವ ಬಿ-1 ಜೀವಸತ್ವದ ಒಂದು ಪಾಲು ಕಾಳಿನೊಳಕ್ಕೆ ಇಳಿಯುವುದರಿಂದ, ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವವರನ್ನು ಕಾಡುತ್ತಿದ್ದ ಬೆರಿಬೆರಿ ರೋಗ ಇವರ ಬಳಿ ಸುಳಿಯುತ್ತಿರಲಿಲ್ಲ.

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ಲೆಕ್ಕ. ಮೇಲೆ ಹೇಳಿದ ಪತ್ತಾಯದ ಒಳಗಾತ್ರ 240 ಘನ ಅಡಿ. ಅದರಲ್ಲಿ ಸುಮಾರು ನಾಲ್ಕು ಟನ್ ಭತ್ತ ಹಿಡಿಯುತ್ತದೆ. ಕುಟ್ಟಿದರೆ ಎರಡೂವರೆ ಟನ್ನಿನಷ್ಟು ಅಕ್ಕಿ. ದಿನಕ್ಕೆ ತಲೆಗೆ ಅರ್ಧ ಕಿಲೋ ಎಂದರೆ ಹದಿಮೂರು ಹದಿನಾಲ್ಕು ಜನರ ಒಂದು ವರ್ಷದ ಊಟ. ಗದ್ದೆಯ ಗೇಣಿ, ಆಳಿನ ಕೂಲಿ, ಆಚಾರಿಯ ಸಂಭಾವನೆ, ದೈವದ ಕೋಲದ ವಂತಿಗೆ, ಎಲ್ಲವೂ ಇದರಿಂದಲೇ ಅಳೆದು ಹೋಗುತ್ತಿದ್ದವು, ಇದರೊಳಕ್ಕೇ ಅಳೆದು ಬರುತ್ತಿದ್ದವು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ತುಳುವಿನಲ್ಲಿ ಬಡ್ಡಿಗೂ ಸಮೃದ್ಧಿಗೂ ಪೊಲಿ ಎಂಬ ಒಂದೇ ಶಬ್ದವಿರುವುದು ಬ್ಯಾಂಕಿನವನಾದ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ.

ಹಾಗೆಂದು ಪತ್ತಾಯವನ್ನು ಕೇವಲ ವೈಭವದ ಕುರುಹಾಗಿ ಬಣ್ಣಿಸುವುದು ನ್ಯಾಯವಲ್ಲ. ಅದು ತುಂಬುತ್ತಿದ್ದುದು ಬಹುಮಟ್ಟಿಗೆ ಒಕ್ಕಲುಗಳು ಹೊತ್ತು ತಂದು ಸುರಿದ ಗೇಣಿಯಿಂದ. ಸುರಿದವನ ಮನೆಯಲ್ಲಿ ಆಟಿ ತಿಂಗಳಿಗೆ ಕೆಸುವಿನ ಎಲೆಯೇ ಗತಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತ ನಮ್ಮ ಹಿರಿಯ ತಲೆಮಾರಿನ ಅನೇಕರು ಇಂತಹ ಮನೆಗಳಿಂದ ಬಂದವರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಉಳುವವನನ್ನು ಒಡೆಯನನ್ನಾಗಿಸಿತು. ಗೇಣಿ ನಿಂತಿತು, ದೊಡ್ಡಮನೆಗಳ ಪತ್ತಾಯಗಳು ಬರಿದಾದವು. ಅದು ಆಗಬೇಕಾಗಿದ್ದ ಕೆಲಸವೇ ಎಂಬುದು ನನ್ನ ಅಭಿಪ್ರಾಯ. ಪತ್ತಾಯವನ್ನು ಉಳಿಸಿದರೆ ಈ ಕಥೆಯನ್ನೂ ಸೇರಿಸಿ ಮಕ್ಕಳಿಗೆ ಹೇಳಬೇಕು.

ಮರದ ಕಟ್ಟಿನ ದೊಡ್ಡ ಗುಣವೆಂದರೆ ಬಿಚ್ಚಿದ್ದನ್ನು ಮರಳಿ ಜೋಡಿಸಬಹುದು. ಇದಕ್ಕೆ ಸಾಕ್ಷಿ ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮ. ಅದನ್ನು ಕಟ್ಟಿದ ವಿಜಯನಾಥ ಶೆಣೈಯವರು ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದವರು, 2017ರಲ್ಲಿ ತೀರಿಕೊಂಡರು. ಕೆಡಹಲು ಸಿದ್ಧವಾಗಿದ್ದ ಮನೆಗಳನ್ನು ಬಿಚ್ಚಿಸಿ, ಬಿಡಿಭಾಗಗಳಿಗೆ ಗುರುತು ಹಾಕಿಸಿ, ಮಣಿಪಾಲಕ್ಕೆ ತಂದು ಮರಳಿ ನಿಲ್ಲಿಸಿದರು. ಮಿಯಾರು ಮನೆ, ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆ, ಭಟ್ಕಳದ ನವಾಯತರ ಮನೆ ಅಲ್ಲಿವೆ. ಕಾಂಕ್ರೀಟಿನ ಮನೆಗೆ ಈ ಭಾಗ್ಯವಿಲ್ಲ. ಬಿಚ್ಚಿದರೆ ಅದು ರಾಶಿಕಲ್ಲು.

ಲಂಡನ್ನಿನಲ್ಲಿ ಮಕ್ಕಳಿರುವ ಓದುಗರು ಹೀತ್ರೂ ವಿಮಾನನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್ ಗ್ರಾಮದ ಕಣಜವನ್ನು ನೋಡಿ ಬರಬಹುದು. 1426ರ ಸುಮಾರಿಗೆ ವಿಂಚೆಸ್ಟರ್ ಕಾಲೇಜಿನ ಜಮೀನಿನಲ್ಲಿ ಕಟ್ಟಿದ್ದು. ಸುಮಾರು 60 ಮೀಟರ್ ಉದ್ದ. ಓಕ್ ಮರದ ಕಂಬಗಳು ಅಲ್ಲಿಯೂ ಮಣ್ಣಿನ ಮೇಲಲ್ಲ, ಕಲ್ಲಿನ ಮೇಲೆ ನಿಂತಿವೆ. 1970ರ ದಶಕದವರೆಗೂ ಅದು ಕೃಷಿಗೆ ಬಳಕೆಯಲ್ಲಿತ್ತು. ಆಮೇಲೆ ಕೈಯಿಂದ ಕೈಗೆ ಹೋಗಿ ಸೊರಗಿದ್ದ ಅದನ್ನು 2011ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 20,000 ಪೌಂಡಿಗೆ ಕೊಂಡು ದುರಸ್ತಿ ಮಾಡಿಸಿತು. ಆರು ಶತಮಾನದ ಹಳೆಯ ಮರ ಇಂದಿಗೂ ಮಾಡನ್ನು ಹೊತ್ತು ನಿಂತಿದೆ.

ಹಾಗಾದರೆ ನಮ್ಮ ಪತ್ತಾಯಗಳು ಏಕೆ ಹಾಳಾಗುತ್ತವೆ? ಬಹುತೇಕ ಮೇಲಿನ ಒಂದು ಒಡೆದ ಹೆಂಚಿನಿಂದ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿಗೆ ತಿರುಗಿದವು. ವರ್ಷಕ್ಕೊಮ್ಮೆ ಹುಲ್ಲು ಹೊದಿಸುವ ನೆಪದಲ್ಲಿ ಯಾರಾದರೂ ಮಾಡು ಹತ್ತಿ ನೋಡುವ ಪದ್ಧತಿಯೂ ಅದರೊಂದಿಗೆ ಸಡಿಲವಾಯಿತು. ಸೋರಿದ ನೀರು ಪಕಾಸಿನ ಗುಂಟ ಇಳಿದು ಮರವನ್ನು ನೆನೆಸುತ್ತದೆ, ನೆನೆದ ಮರಕ್ಕೆ ಗೆದ್ದಲು ಬರುತ್ತದೆ. ಆದುದರಿಂದ ಊರಿಗೆ ಹೋದಾಗ ಮೊದಲು ಪತ್ತಾಯದ ನೇರ ಮೇಲೆ ಬೆಳಕಿನ ಚುಕ್ಕೆ ಕಾಣುತ್ತದೆಯೇ ನೋಡಿ. ಅನಂತರ ಬುಡದ ತೊಲೆಗೆ ಚೂರಿಯ ತುದಿ ಒತ್ತಿ. ಸುಲಭವಾಗಿ ಇಳಿದರೆ ಒಳಗೆ ಪೊಳ್ಳು. ಅಡಿಯಲ್ಲಿ ಹಳೆಯ ಗೋಣಿ, ಸೌದೆ ತುರುಕಿದ್ದರೆ ತೆಗೆಸಿ ಗಾಳಿ ಬಿಡಿ. ಹೊಳಪಿಗೆಂದು ಎಣ್ಣೆಬಣ್ಣ ಬಳಿಸಬೇಡಿ, ಮರದ ಉಸಿರು ಕಟ್ಟುತ್ತದೆ. ಮಾರಲೇಬೇಕಾದ ಸಂದರ್ಭ ಬಂದರೂ ಉದ್ದಗಲ ಅಳೆದು, ಗೀರುಗಳ ಸಹಿತ ಛಾಯಾಚಿತ್ರ ತೆಗೆದು, ಯಾವ ಮರ, ಯಾರು ಕಟ್ಟಿದರು ಎಂಬುದನ್ನು ಬಲ್ಲ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೆಲ್ಲ ಎಂಬತ್ತು ದಾಟಿದೆ.

ನನ್ನ ಮಿತ್ರರ ಕುಟುಂಬದಲ್ಲಿ ಪಾಲುದಾರರು ಹನ್ನೊಂದು ಮಂದಿ, ಅವರಲ್ಲಿ ಏಳು ಮಂದಿ ಮುಂಬಯಿಯ ಸುತ್ತಮುತ್ತಲಿನವರು. ಜೂನ್ ತಿಂಗಳ ಮೊದಲ ಭಾನುವಾರ ಮುಲುಂಡಿನಲ್ಲಿ ಸೇರಿ ಮಾತನಾಡಿದರು. ಮನೆಯ ಬಗ್ಗೆ ಒಮ್ಮತ ಬರಲಿಲ್ಲ. ಪತ್ತಾಯದ ಮೇಲಿನ ಭಾಗದ ಹೆಂಚನ್ನು ಮಳೆ ಬಿರುಸಾಗುವ ಮುನ್ನ ತೆಗೆದು ಹಾಸಿಸುವುದೆಂದೂ, ಆ ಖರ್ಚನ್ನು ಹನ್ನೊಂದು ಪಾಲು ಮಾಡುವುದೆಂದೂ, ಮರದ ವ್ಯಾಪಾರಿಗೆ ಮುಂದಿನ ಮೇ ತಿಂಗಳವರೆಗೆ ಉತ್ತರ ಕೊಡದಿರುವುದೆಂದೂ ತೀರ್ಮಾನವಾಯಿತು.