ಐದು ಅಕ್ಷರ, ಯು ಇಲ್ಲದ ಕ್ಯೂ

ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ಶಾಲೆಯ ವ್ಯಾನ್ ಬರುವ ತನಕ ಕೆಲವು ಮಕ್ಕಳು ನಮ್ಮ ಮೇಜಿನ ಸುತ್ತ ನಿಲ್ಲುವುದುಂಟು. ಒಂದು ದಿನ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಹೋಮ್‌ವರ್ಕ್ ಹಾಳೆ ಹಿಡಿದು ಅಳುಮುಖ ಮಾಡಿ ನಿಂತಿದ್ದಳು. ಹಾಳೆಯಲ್ಲಿದ್ದದ್ದು ಇಷ್ಟೇ: ಐದು ಅಕ್ಷರದ ಇಂಗ್ಲಿಷ್ ಪದಗಳು, ಮೊದಲಿಗೆ ಎಸ್, ನಡುವೆ ಎ, ಕೊನೆಗೆ ಇ. ಹತ್ತು ಬರೆಯಿರಿ. ಅವಳು ಬರೆದದ್ದು ಒಂದೇ, ಸ್ನೇಕ್. ಬಾಪ ಗಲ್ಫ್‌ನಲ್ಲಿ, ಉಮ್ಮನಿಗೆ ಇಂಗ್ಲಿಷ್ ಬಾರದು. ಅಣ್ಣ ಮೊಬೈಲ್‌ನಲ್ಲಿ ಉತ್ತರದ ಪಟ್ಟಿಯನ್ನೇ ತೆಗೆದುಕೊಟ್ಟಿದ್ದ. ನಕಲು ಮಾಡಿದರೆ ನಾಳೆಯ ಹಾಳೆಗೆ ಮತ್ತೆ ಇದೇ ಕಥೆ ಅಂತ ಅವಳಿಗೇ ಗೊತ್ತಿತ್ತು. "ಉಸ್ತಾದ್, ನನ್ನ ತಲೆಯಲ್ಲಿ ಪದವೇ ಇಲ್ಲ" ಎಂದಳು.

ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ಹೇಗೆ ಪಾಸಾಯಿತು ಎಂಬುದು ನಮಗೂ ಪಡೆದವನಿಗೂ ಮಾತ್ರ ಗೊತ್ತು. ಆದರೂ ಅವಳ ಜೊತೆ ಕೂತೆವು.

ಪದ ಇಲ್ಲ ಎಂಬುದು ಸುಳ್ಳು. ಶೇಪ್, ಸ್ಟೇಜ್, ಸ್ಕೇಲ್ ಎಲ್ಲ ಅವಳು ದಿನಾ ಆಡುವ ಮಾತೇ. ತೊಡಕಿದ್ದದ್ದು ಎಣಿಕೆಯಲ್ಲಿ. ಶೇಪ್ ಎಷ್ಟು ಅಕ್ಷರ ಅಂತ ಕೇಳಿದರೆ ಬೆರಳು ಮಡಚಿ "ಎರಡು" ಎಂದಳು. ಕನ್ನಡದ ಲೆಕ್ಕ ಅದು. ಅಲ್ಲಿ 'ಸ್ತ್ರೀ' ಅಂದರೂ ಒಂದೇ ಅಕ್ಷರ. ನಮ್ಮ ಕ್ಲಾಸಿನ ಲೆಕ್ಕ ಇನ್ನೊಂದು. ಕಿತಾಬ್ ಬರೆಯಲು ಕಾಫ್, ತಾ, ಅಲಿಫ್, ಬಾ ನಾಲ್ಕು ಸಾಕು, 'ಕಿ'ಯ ಇಕಾರ ಕೆಳಗೊಂದು ಗೆರೆ, ಅಕ್ಷರವೇ ಅಲ್ಲ. ಇಂಗ್ಲಿಷ್‌ನಲ್ಲಿ ಮಾತ್ರ ಸದ್ದೇ ಇಲ್ಲದ ಅಕ್ಷರಕ್ಕೂ ಒಂದು ಸೀಟು ಕೊಡಬೇಕು. ಎಸ್, ಎಚ್, ಎ, ಪಿ, ಇ. ಕೊನೆಯ ಇ ಬಾಯಲ್ಲಿ ಕೇಳುವುದಿಲ್ಲ, ಹಿಂದಿನ ಎಯನ್ನು ಎಳೆಯುವುದೇ ಅದರ ಕೆಲಸ. 'ಮ್ಯಾಡ್'ಗೆ ಇ ಸೇರಿಸಿ ನೋಡಿ, 'ಮೇಡ್' ಆಗುತ್ತೆ. ಮನೆಯಲ್ಲಿ ಬ್ಯಾರಿ ಮಾತಾಡಿ, ಬೆಳಗ್ಗೆ ಅರಬಿ ಓದಿ, ಒಂಬತ್ತಕ್ಕೆ ಇಂಗ್ಲಿಷ್, ಮಧ್ಯಾಹ್ನ ಕನ್ನಡ ಬರೆಯುವ ಮಗು ಒಂದೇ ದಿನ ಮೂರು ಬಗೆಯ ಎಣಿಕೆ ಮಾಡುತ್ತೆ. ದಡ್ಡಿ ಅಂತ ಬೈಯುವ ಮೊದಲು ನಾವು ದೊಡ್ಡವರು ಇದನ್ನೊಮ್ಮೆ ನೆನೆಯಬೇಕಿತ್ತು.

ಇನ್ನು ಹುಡುಕುವ ಬಗೆ. ಖಾಲಿ ಇರುವುದು ಎರಡು ಜಾಗ. ಒಂದೊಂದಕ್ಕೂ 26 ಅಕ್ಷರ ಹಾಕಿ ನೋಡಿದರೆ 676 ಸಲ ಬರೆಯಬೇಕು, ಯಾರಿಂದಾದೀತು? ಆದರೆ ಇಂಗ್ಲಿಷ್ ಪದದ ಆರಂಭದಲ್ಲಿ ಎಸ್ ಪಕ್ಕಕ್ಕೆ ಎಲ್ಲರನ್ನೂ ಕೂರಿಸುವುದಿಲ್ಲ. ಇಲ್ಲಿ ಬಿ, ಡಿ, ಜಿ, ಝಡ್ ನಡೆಯದು. ಎಚ್, ಟಿ, ಪಿ, ಸಿ, ಕೆ, ಎಲ್, ಎನ್ ನಡೆಯುತ್ತೆ. ಮೊದಲು ಎಚ್ ಇಟ್ಟೆವು, ನಾಲ್ಕನೇ ಜಾಗ ಮಾತ್ರ ಬದಲಿಸುತ್ತಾ ಹೋದೆವು. ಶೇಪ್, ಶೇಡ್, ಶೇಮ್, ಶೇಕ್, ಶೇರ್, ಶೇವ್. ಒಂದೇ ಉಸಿರಿಗೆ ಆರು! ಟಿ ಇಟ್ಟಾಗ ಸ್ಟೇಜ್, ಸ್ಟೇಟ್. ಪಿ ಇಟ್ಟಾಗ ಸ್ಪೇಸ್, ಸ್ಪೇಡ್, ಸ್ಪೇರ್. ಹುಡುಗಿ 'ಸ್ಟೇರ್' ಅಂದಳು. ಅಲ್ಲೊಂದು ಗುಂಡಿ ಇದೆ. ದಿಟ್ಟಿಸಿ ನೋಡುವ ಸ್ಟೇರ್‌ಗೆ ಕೊನೆಯಲ್ಲಿ ಇ, ಮೆಟ್ಟಿಲಿನ ಸ್ಟೇರ್‌ಗೆ ಕೊನೆಯಲ್ಲಿ ಐ, ಆರ್. ಎರಡಕ್ಕೂ ಐದೇ ಅಕ್ಷರ, ಕಿವಿಗೆ ಎರಡೂ ಒಂದೇ. ಇಲ್ಲಿ ಕಿವಿಯನ್ನು ನಂಬಿ ಕೆಟ್ಟವರೇ ಹೆಚ್ಚು. ವ್ಯಾನ್ ಬರುವಷ್ಟರಲ್ಲಿ ಹದಿನಾಲ್ಕು ಪದ ಆಗಿತ್ತು.

ಈ ಜರಡಿ ಹಿಡಿಯುವ ಕೆಲಸವೇ ಈಗ ಲೋಕಕ್ಕೆಲ್ಲ ಆಟವಾಗಿದೆ. ಅಮೆರಿಕದಲ್ಲಿ ನೆಲೆಸಿದ ಜೋಶ್ ವಾರ್ಡ್ಲ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಸಂಗಾತಿ ಪಲಕ್ ಶಾ ಅವರಿಗೆ ಪದದ ಆಟ ಇಷ್ಟವೆಂದು ಮಾಡಿದ್ದು ವರ್ಡ್ಲ್. ದಿನಕ್ಕೊಂದೇ ಐದಕ್ಷರದ ಪದ, ಆರು ಅವಕಾಶ. ಅಕ್ಷರ ಸರಿ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದು ಜಾಗ ತಪ್ಪಿದರೆ ಹಳದಿ, ಇಲ್ಲವೇ ಇಲ್ಲವಾದರೆ ಬೂದು. 2021ರಲ್ಲಿ ಹೊರಬಂದ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಖರೀದಿಸಿತು. ಐದಕ್ಷರದ ಪದಗಳು ಇಂಗ್ಲಿಷ್‌ನಲ್ಲಿ ಸುಮಾರು 12,000 ಇದ್ದವಂತೆ. ಜನರಿಗೆ ಪರಿಚಯವಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಪಲಕ್ ಶಾ ಕೂತು ಸೋಸಿದ ಮೇಲೆ ಉತ್ತರದ ಪಟ್ಟಿಯಲ್ಲಿ ಉಳಿದದ್ದು ಎರಡೂವರೆ ಸಾವಿರದೊಳಗೆ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಬಸ್ರಾದ ಖಲೀಲ್ ಇಬ್ನ್ ಅಹ್ಮದ್. ಎಂಟನೇ ಶತಮಾನದ ಈ ಪಂಡಿತರ ಹೆಸರಿನಲ್ಲಿರುವ 'ಕಿತಾಬುಲ್ ಐನ್' ಅರಬಿಯ ಮೊದಲ ನಿಘಂಟು. ಅಕ್ಷರಗಳನ್ನು ಹಿಂದೆಮುಂದೆ ಮಾಡಿ ಎಷ್ಟು ಧಾತು ಕಟ್ಟಬಹುದು ಅಂತ ಲೆಕ್ಕ ಹಾಕಿದವರು ಅವರು. ಮೂರು ಅಕ್ಷರದಿಂದ 6, ನಾಲ್ಕರಿಂದ 24, ಐದರಿಂದ 120. ಆಮೇಲೆ ಜನ ಬಳಸುವುದು ಇದು, ಬಳಸದೆ ಬಿಟ್ಟದ್ದು ಇದು ಅಂತ ಬೇರೆ ಮಾಡಿದರು. ಕಂಪ್ಯೂಟರ್ ಬಿಡಿ, ಬಾಲ್‌ಪೆನ್ನೂ ಇಲ್ಲದ ಕಾಲ! ಕಿತಾಬ್, ಕಾತಿಬ್, ಮಕ್ತಬ್ ಮೂರನ್ನೂ ಒಂದೇ ಧಾತುವಿನಡಿ ಹುಡುಕಲು ಕಲಿತ ಮಗುವಿಗೆ ಅಕ್ಷರ ಹಿಡಿದು ಪದ ತಲುಪುವುದು ಹೊಸ ದಾರಿಯೇನಲ್ಲ.

ಎರಡು ವಾರ ಬಿಟ್ಟು ಅದೇ ಹುಡುಗಿ ಮತ್ತೆ ಬಂದಳು. ಈ ಸಲ ಹಾಳೆಯಲ್ಲಿ ಕೇಳಿದ್ದು ಕ್ಯೂ ಇರುವ ಐದಕ್ಷರದ ಪದಗಳನ್ನು. ಕ್ವೀನ್, ಕ್ವಿಕ್, ಕ್ವಯಟ್ ಜೊತೆಗೆ ಫಕೀರ್, ನಿಖಾಬ್ ಅಂತ ತಾನೇ ಯೋಚಿಸಿ ಬರೆದಿದ್ದಳು. ಕೊನೆಯ ಎರಡಕ್ಕೆ ಕೆಂಪು ಗೆರೆ. ಕ್ಯೂ ಬೆನ್ನಿಗೆ ಯು ಬರಲೇಬೇಕು, ಇವು ಇಂಗ್ಲಿಷ್ ಅಲ್ಲ ಅಂತ ಟೀಚರ್ ಹೇಳಿದರಂತೆ. ಮೊದಲ ಸಲ ಅಳುತ್ತಾ ಬಂದವಳು ಈಗ ಸಿಟ್ಟಿನಲ್ಲಿದ್ದಳು. ನಮಗೆ ಒಳಗೊಳಗೇ ಖುಷಿ.

ಟೀಚರ್ ಹೇಳಿದ ನಿಯಮ ಬಹುಮಟ್ಟಿಗೆ ಸರಿಯೇ. ಆದರೆ ಸ್ಕ್ರ್ಯಾಬಲ್ ಆಡುವವರನ್ನು ಕೇಳಿ ನೋಡಿ. ಕೆಲಸ ಕಳಕೊಂಡ ಆರ್ಕಿಟೆಕ್ಟ್ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ ಕಟ್ಟಿದ ಆಟ ಅದು. 100 ಬಿಲ್ಲೆಗಳಲ್ಲಿ ಇ 12 ಇದ್ದರೆ ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಕೈಯಲ್ಲಿ ಕ್ಯೂ ಇದ್ದು ಯು ಸಿಗದಿದ್ದರೆ ಆಟಗಾರರಿಗೆ ಆಸರೆ ಇಂಥ ಪದಗಳೇ: ಖಾಝಿ, ಫಕೀರ್, ನಿಖಾಬ್, ತಲಾಖ್. ಅರಬಿಯಲ್ಲಿ ಕಾಫ್ ಬೇರೆ, ಗಂಟಲಿನಾಳದ ಖಾಫ್ ಬೇರೆ. ಆ ಎರಡನೆಯದಕ್ಕೆ ಇಂಗ್ಲಿಷಿನವರು ಕ್ಯೂ ಹಾಕಿ ಪದಗಳನ್ನು ತಮ್ಮದಾಗಿಸಿಕೊಂಡರು. ಎರಡರ ಉಚ್ಚಾರ ತಿದ್ದಿಸಿಕೊಂಡ ನಮ್ಮ ಮಕ್ಕಳಿಗೆ ಯಾವ ಪದಕ್ಕೆ ಕ್ಯೂ ಅಂತ ಕಿವಿಯೇ ಹೇಳುತ್ತೆ. ಸ್ಟೇರ್‌ನಲ್ಲಿ ಮೋಸ ಮಾಡಿದ ಅದೇ ಕಿವಿ!

ಡಿಕ್ಷನರಿ ತೆಗೆದುಕೊಂಡು ಹೋಗು, ಎದುರು ಮಾತಾಡಬೇಡ, ಪುಟ ತೋರಿಸು ಅಷ್ಟೇ ಎಂದೆವು. ಹೋದಳು. ಟೀಚರ್ ನೋಡಿ, ತಪ್ಪು ತನ್ನದೆಂದು ಕ್ಲಾಸಿನಲ್ಲೇ ಹೇಳಿ ಸರಿ ಗುರುತು ಹಾಕಿದರಂತೆ. ಅಂಥ ಟೀಚರ್ ಸಿಕ್ಕಿದ್ದೂ ಅವಳ ಭಾಗ್ಯ. ಜೊತೆಗೆ, ಇನ್ನೊಂದು ಇಂಥ ಪದ ತಂದರೆ ಎರಡು ಮಾರ್ಕು ಜಾಸ್ತಿ ಎಂದೂ ಹೇಳಿ ಕಳಿಸಿದ್ದರು.

ನಾವು 'ಖನಾತ್' ಕೊಟ್ಟೆವು. ಕ್ಯೂ, ಎ, ಎನ್, ಎ, ಟಿ. ಹಾಗಂದರೇನು ಅಂತ ಕೇಳಿದಳು. ಇರಾನ್ ಕಡೆ ಗುಡ್ಡದೊಳಗಿನ ನೀರನ್ನು ನೆಲದಡಿಯಲ್ಲೇ ಊರಿಗೆ ಹರಿಸುವ ಕಾಲುವೆ, ನಮ್ಮ ಬಾಯಾರು, ಮಾಣಿಲದ ಸುರಂಗ ಇದೆಯಲ್ಲ, ಹೆಚ್ಚುಕಡಿಮೆ ಅದೇ ಜಾತಿ ಎಂದೆವು. "ಅಜ್ಜಿ ಮನೆಯಲ್ಲೂ ಒಂದಿದೆ ಉಸ್ತಾದ್!" ಅಂತ ಹೇಳಿ, ಅಂಗೈಯಲ್ಲೇ ಐದಕ್ಷರ ಬರೆದುಕೊಂಡು ವ್ಯಾನಿಗೆ ಓಡಿದಳು.