ಕಿಲ್ಲಾ ಕೆಡಹುವ ಮುನ್ನ ಒಂದು ಆಲ್ಬಂ

ದೀಪಾವಳಿ ಬಂತೆಂದರೆ ನಾಸಿಕ್, ಛತ್ರಪತಿ ಸಂಭಾಜಿನಗರದ ಮಕ್ಕಳು ಮಣ್ಣಿಗಿಳಿಯುತ್ತಾರೆ. ಅಂಗಳದ ಮೂಲೆಯಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲೋ ಕಲ್ಲು, ಒಡೆದ ಇಟ್ಟಿಗೆ ಪೇರಿಸಿ, ಗೋಣಿಚೀಲ ಹೊದಿಸಿ, ಮೇಲೆ ಕೆಸರು ಬಳಿದರೆ ‘ಕಿಲ್ಲಾ’, ಅಂದರೆ ಪುಟ್ಟ ಕೋಟೆ ಸಿದ್ಧ. ಸಾಸಿವೆ ಚೆಲ್ಲಿ ನೀರು ಚಿಮುಕಿಸಿದರೆ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ. ತುದಿಯಲ್ಲಿ ಸಿಂಹಾಸನವೇರಿದ ಶಿವಾಜಿ, ಮೆಟ್ಟಿಲುಗಳ ಮೇಲೆ ಮಣ್ಣಿನ ಮಾವಳೆ ಸೈನಿಕರು. ನಮ್ಮ ಬೆಳಗಾವಿಯ ಗಲ್ಲಿಗಳಲ್ಲೂ ಇದೇ ಸಡಗರ.

ಮಾದರಿಗೆ ಕೋಟೆಗಳನ್ನು ದೂರ ಹುಡುಕಬೇಕಿಲ್ಲ. ನಾಸಿಕ್ ಜಿಲ್ಲೆಯ ಸಾಲ್ಹೇರ್ 1,567 ಮೀಟರ್ ಎತ್ತರದಲ್ಲಿದೆ. 1672ರಲ್ಲಿ ಮರಾಠರು ಮೊಘಲರನ್ನು ಬಯಲು ಕಾಳಗದಲ್ಲಿ ಸೋಲಿಸಿದ್ದು ಇದರ ಬುಡದಲ್ಲೇ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 12 ಮರಾಠ ಕೋಟೆಗಳಲ್ಲಿ ಇದೂ ಒಂದು. ಸಂಭಾಜಿನಗರದ ಬಳಿಯ ದೌಲತಾಬಾದ್ ನಮ್ಮ ಪಠ್ಯಪುಸ್ತಕದ ದೇವಗಿರಿ, ಸೇವುಣರ ರಾಜಧಾನಿ. ಅದರ ಕಂದಕ, ಬಂಡೆಯೊಳಗಿನ ಕತ್ತಲ ದಾರಿ ಮಾಡಹೊರಟ ಮಕ್ಕಳಿಗೆ ನಿಜವಾದ ಪರೀಕ್ಷೆ: ಕಂದಕದ ನೀರು ಇಂಗದಂತೆ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಸುರಂಗ ಕುಸಿಯದಂತೆ ಪೈಪಿನ ತುಂಡು ಹುದುಗಿಸಬೇಕು.

ಹೀಗೆ ಒಟ್ಟಾಗಿ ಕಟ್ಟಿ ಕೆಡಹುವ ಆಟ ಬೇರೆಡೆಯೂ ಇದೆ. ಅಮೆರಿಕದ ಯಹೂದಿ ಸಮುದಾಯದ ಕೂಟಗಳಲ್ಲಿ ಮಕ್ಕಳು, ಪೋಷಕರು ಒಟ್ಟಾಗಿ ಲೆಗೊ ಇಟ್ಟಿಗೆಗಳಿಂದ ಹಳೆಯ ಜೆರುಸಲೇಂ ಕಟ್ಟುವುದುಂಟು. ಹಾಗೆ ಕಟ್ಟಿದ ನಗರವೂ ಕೊನೆಗೆ ಡಬ್ಬಿ ಸೇರುತ್ತದೆ. ಕಿಲ್ಲಾ ಮತ್ತೆ ಮಣ್ಣಾಗುತ್ತದೆ. ಕೆಡಹಲೆಂದೇ ಕಟ್ಟುವ ಇಂಥವುಗಳಿಗೆ ಆಲ್ಬಮ್ಮೇ ಆಧಾರ.

ಆದರೆ ನಾವು ತೆಗೆಯುವುದು ಎಲ್ಲ ಮುಗಿದ ಮೇಲಿನ ಒಂದು ಗುಂಪು ಫೋಟೊ. ಬರಿಗಲ್ಲಿನ ರಾಶಿ, ಕೆಸರು ಮೆತ್ತಿದ ಕೈ, ಕುಸಿದ ಬುರುಜು, ಮೊಳಕೆಯೊಡೆದ ಸಾಸಿವೆ ಇವೆಲ್ಲ ಇದ್ದರೆ ಮಾತ್ರ ಮಕ್ಕಳು ಹೇಗೆ ಯೋಚಿಸಿದರೆಂಬುದು ತಿಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಗೀಚಿದ ನಕ್ಷೆಯನ್ನೂ ಬಿಸಾಡದೆ ಅಂಟಿಸಿ. ಅಡಿಬರಹವನ್ನು ಮಕ್ಕಳೇ ಬರೆಯಲಿ, ಕಾಗುಣಿತ ತಿದ್ದಬೇಡಿ. ಕಟ್ಟಿದವರ ಹೆಸರು, ವಯಸ್ಸು, ವರ್ಷ ಇರಲಿ. ಅಂಟುಹಾಳೆಯ ಆಲ್ಬಂ ವರ್ಷ ಕಳೆದಂತೆ ಚಿತ್ರಗಳನ್ನು ಹಾಳುಮಾಡುತ್ತದೆ. ದಪ್ಪ ಕಾಗದದ ಪುಸ್ತಕ, ಫೋಟೊಗೆ ಮೂಲೆಪಟ್ಟಿ ಸಾಕು.

ಹಬ್ಬ ಮುಗಿದ ವಾರದೊಳಗೆ ಮಕ್ಕಳನ್ನು ಕೂರಿಸಿಕೊಂಡು ಈ ಕೆಲಸ ಮುಗಿಸಿ. ಮುಂದೂಡಿದರೆ ಫೋಟೊಗಳು ಮೊಬೈಲಿನಲ್ಲೇ ಉಳಿಯುತ್ತವೆ, ಮೊಬೈಲ್ ಬದಲಾದಾಗ ಅವೂ ಹೋಗುತ್ತವೆ.